ಬೇಕ್ ಯಾರಿಗೆ ಬೇಡವಾಯ್ತು?

ನೆದರ್ಲೆಂಡ್ಸಿನಲ್ಲಿ ಬೇಕ್ ಅಂತ ಒಂದು ಸಣ್ಣ ಊರಿದೆ. ನೈಮೇಗೆನ್ ನಗರದ ಮಗ್ಗುಲಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡ ಹಾಗೆ. ಹೆಸರು ಕೇಳಿ ನಗಬೇಡಿ, ನಮ್ಮ 'ಬೇಕು'ಗೂ ಅದಕ್ಕೂ ಸಂಬಂಧ ಇಲ್ಲ. ಅವರ ಭಾಷೆಯಲ್ಲಿ ಬೇಕ್ ಅಂದ್ರೆ ತೊರೆ, ಹಳ್ಳ. ಆದರೆ ಈ ಬೇಕ್ ಯಾರಿಗೋ ಬೇಡವಾಯ್ತು. ಅದೇ ನನ್ನ ತಕರಾರು. (ಆ ಊರಿನವರು ನನಗೇನೂ ವಕಾಲತ್ತು ಕೊಟ್ಟಿಲ್ಲ. ಆದ್ರೂ ವಾದ ಮಾಡ್ತೀನಿ, ಕೇಳಿ.)

2013ರಲ್ಲಿ ಡಚ್ ಭಾಷೆಯಲ್ಲಿ 'ಹೆಕ್ಸ್' ಅನ್ನೋ ಕಾದಂಬರಿ ಬಂತು. ಬರೆದವನು ಥಾಮಸ್ ಓಲ್ಡೆ ಹ್ಯೂವೆಲ್ಟ್, 1983ರಲ್ಲಿ ಅದೇ ನೈಮೇಗೆನ್‌ನಲ್ಲಿ ಹುಟ್ಟಿದವನು. ತನ್ನ ಹಿತ್ತಿಲಿನಂತಿದ್ದ ಬೇಕ್‌ನಲ್ಲೇ ಕತೆ ಇಟ್ಟ. 2016ರಲ್ಲಿ ನ್ಯಾನ್ಸಿ ಫಾರೆಸ್ಟ್-ಫ್ಲೈಯರ್ ಅವರ ಅನುವಾದದಲ್ಲಿ ಅದು ಇಂಗ್ಲಿಷಿಗೆ ಬಂತು. ತೆಗೆದು ನೋಡಿದ್ರೆ ಬೇಕ್ ನಾಪತ್ತೆ! ಅದರ ಜಾಗದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯ, ಹಡ್ಸನ್ ನದಿಯ ಕಣಿವೆ, ಅಲ್ಲಿ 'ಬ್ಲ್ಯಾಕ್ ಸ್ಪ್ರಿಂಗ್' ಅನ್ನೋ ಕಲ್ಪನೆಯ ಊರು. ಊರ ಜನ ಎಲ್ಲ ಅಮೆರಿಕನ್ನರು. ಸಾಲದ್ದಕ್ಕೆ ಕತೆಯ ಕೊನೆಯೂ ಬೇರೆ.

ಓದದವರಿಗಾಗಿ ಸ್ವಲ್ಪ ಹೇಳಿಬಿಡ್ತೀನಿ (ಕೊನೆ ಹೇಳಲ್ಲ, ಹೆದರಬೇಡಿ). ಹದಿನೇಳನೇ ಶತಮಾನದಲ್ಲಿ ಮಾಟಗಾತಿ ಅಂತ ಕೊಂದ ಹೆಂಗಸೊಬ್ಬಳು, ಕ್ಯಾಥರೀನ್ ವ್ಯಾನ್ ವೈಲರ್, ಮುನ್ನೂರೈವತ್ತು ವರ್ಷಗಳಿಂದ ಊರೊಳಗೆ ಓಡಾಡ್ತಿದಾಳೆ. ಕಣ್ಣು, ಬಾಯಿ ಎರಡನ್ನೂ ಹೊಲಿದುಬಿಟ್ಟಿದಾರೆ. ಮೈಗೆ ಸರಪಳಿ. ಯಾವಾಗ ಬೇಕಾದ್ರೂ, ಯಾರ ಮನೆಯಲ್ಲಿ ಬೇಕಾದ್ರೂ ಪ್ರತ್ಯಕ್ಷ ಆಗ್ತಾಳೆ. ರಾತ್ರಿಯಿಡೀ ನಿಮ್ಮ ಮಂಚದ ಪಕ್ಕ ನಿಂತಿರ್ತಾಳೆ. ಏನೂ ಮಾಡಲ್ಲ, ನಿಂತಿರ್ತಾಳೆ ಅಷ್ಟೇ. ಅವಳ ಪಿಸುಮಾತು ಕೇಳಿಸಿಕೊಂಡವರು ತಮ್ಮ ಜೀವ ತಾವೇ ಕಳಕೊಳ್ತಾರೆ. ಊರು ಬಿಟ್ಟು ಬಹಳ ದಿನ ಇದ್ದವರಿಗೂ ಅದೇ ಗತಿ, ಸಾಯಬೇಕು ಅನ್ನೋ ಆಸೆ ಹತ್ತಿಬಿಡುತ್ತೆ. ಹಾಗಾಗಿ ಅಲ್ಲಿ ಹುಟ್ಟಿದವರಾಗಲಿ, ಗೊತ್ತಿಲ್ಲದೆ ಮನೆ ಕೊಂಡು ಬಂದವರಾಗಲಿ ಯಾರೂ ಬಿಟ್ಟು ಹೋಗೋ ಹಾಗಿಲ್ಲ. ಊರಿನವರು ಏನು ಮಾಡಿದಾರೆ ಗೊತ್ತಾ? ಬೀದಿ ಬೀದಿಗೆ ಕ್ಯಾಮೆರಾ. ಒಂದು ಕಂಟ್ರೋಲ್ ರೂಮ್. ಮೊಬೈಲಿಗೊಂದು ಆಪ್, ಈಗ ಯಾರ ಮನೆಯಲ್ಲಿದಾಳೆ ಅಂತ ತಿಳಿಸೋಕೆ. ಹೊರಗಿನವರಿಗೆ ಸುಳಿವು ಸಿಗಬಾರದು. ಇದರಿಂದ ಬೇಸತ್ತ ಒಂದಷ್ಟು ಹುಡುಗರು ಅವಳನ್ನು ವಿಡಿಯೋ ಮಾಡಿ ಜಗತ್ತಿಗೆ ತೋರಿಸೋಕೆ ಹೊರಡ್ತಾರೆ. ಆಮೇಲೆ ಊರು ತನ್ನ ನಿಜವಾದ ಮುಖ ತೋರಿಸುತ್ತೆ.

ಭರ್ಜರಿ ಕಲ್ಪನೆ. ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತೆ. ಈ ಪುಸ್ತಕದಲ್ಲಿ ನನ್ನ ಮನಸ್ಸಲ್ಲಿ ಉಳಿದದ್ದು ಹೊಲಿದ ಕಣ್ಣಲ್ಲ, ಸರಪಳಿ ಅಲ್ಲ, ಒಂದು ಬಟ್ಟೆ ತುಂಡು. ಮಾಟಗಾತಿ ಹಜಾರದಲ್ಲಿ ಬಂದು ನಿಂತಿದಾಳೆ. ಮನೆಯವರು ಕಿರುಚಲ್ಲ, ಓಡಲ್ಲ. ಅವಳ ಮುಖ ಕಾಣದಿರಲಿ ಅಂತ ಪಾತ್ರೆ ಒರೆಸೋ ಬಟ್ಟೆ ತಂದು ತಲೆ ಮೇಲೆ ಹೊದಿಸಿ ತಮ್ಮ ಪಾಡಿಗೆ ತಾವಿರ್ತಾರೆ! ಇಂಗ್ಲಿಷ್ ಆವೃತ್ತಿಯ ಕೊನೆಯಲ್ಲಿ ಲೇಖಕನೇ ಒಂದು ಟಿಪ್ಪಣಿ ಬರೆದಿದಾನೆ. ಪುಸ್ತಕದ ಡಚ್‌ತನ ಅಂದ್ರೆ ಇದೇ ಅಂತ ಅವನೇ ಹೇಳ್ತಾನೆ. ಬೇರೆಯವರಾದ್ರೆ ದೆವ್ವ ನೋಡಿ ಓಡ್ತಾರೆ, ಡಚ್ಚರಾದ್ರೆ ಅದಕ್ಕೆ ಬಟ್ಟೆ ಹೊದಿಸಿ ಪೇಪರ್ ಓದ್ತಾ ಕೂರ್ತಾರೆ ಅನ್ನೋ ಧಾಟಿಯಲ್ಲಿ. ಅಲ್ಲಿ ಒಂದು ಗಾದೆ ಇದೆ, 'ಮಾಮೂಲಾಗಿರು, ಅದೇ ಸಾಕಷ್ಟು ಹುಚ್ಚು' ಅನ್ನೋ ಅರ್ಥದ್ದು. ಇಡೀ ಕಾದಂಬರಿ ಈ ಗಾದೆಯ ಮೇಲೆ ನಿಂತಿದೆ. ದೆವ್ವಕ್ಕೆ ಕಮಿಟಿ, ದೆವ್ವಕ್ಕೆ ನಿಯಮಾವಳಿ, ದೆವ್ವದ ಬಗ್ಗೆ ಊರ ಸಭೆ.

ಹಾಗಾದ್ರೆ ನನ್ನ ಪ್ರಶ್ನೆ ಸಿಂಪಲ್. ಡಚ್‌ತನವೇ ಕತೆಯ ಜೀವ ಅಂತ ನೀನೇ ಹೇಳಿದ ಮೇಲೆ ಆ ಜೀವವನ್ನು ಹಡ್ಸನ್ ನದಿಗೆ ಯಾಕಪ್ಪಾ ಬಿಟ್ಟೆ?

ಇದನ್ನು ಬೇರೆ ಯಾರೋ ಅವನ ಬೆನ್ನ ಹಿಂದೆ ಮಾಡಿದ್ದಲ್ಲ. ಲೇಖಕನೇ ಕೂತು ಬದಲಾಯಿಸಿದ್ದು, ಖುಷಿಯಿಂದಲೇ. ಅದಕ್ಕೇ ನನಗೆ ಹೆಚ್ಚು ಸಂಕಟ. ಸಣ್ಣ ಭಾಷೆಯ ಲೇಖಕ ದೊಡ್ಡ ಭಾಷೆಯ ಬಾಗಿಲಿಗೆ ಹೋದಾಗ ಚಪ್ಪಲಿ ಹೊರಗೆ ಬಿಡೋದು ಸರಿ, ಕಾಲನ್ನೇ ಬಿಟ್ಟು ಒಳಗೆ ಹೋಗೋದಾ?

ನಮ್ಮ ಬ್ಲಾಗ್ ಬಳಗದಲ್ಲೇ ಇದನ್ನು ಒಪ್ಪದವರು ಬಹಳ ಜನ ಇದೀರಿ, ಗೊತ್ತು. 'ಕತೆಗೆ ಊರು ಯಾವುದಾದ್ರೇನ್ರೀ, ಭಯ ಅನ್ನೋದು ಯೂನಿವರ್ಸಲ್' ಅಂತೀರಿ. ಯೂನಿವರ್ಸಲ್ ಅಂತ ಒಂದು ಊರು ನಾನಂತೂ ಮ್ಯಾಪಿನಲ್ಲಿ ನೋಡಿಲ್ಲ. ಯಾರಾದ್ರೂ ಯೂನಿವರ್ಸಲ್ ಅಂದಾಗ ಹತ್ತಿರ ಹೋಗಿ ನೋಡಿ, ಅದು ಅಮೆರಿಕವೇ ಆಗಿರುತ್ತೆ. ಬೇಕ್ 'ಪ್ರಾದೇಶಿಕ', ಬ್ಲ್ಯಾಕ್ ಸ್ಪ್ರಿಂಗ್ 'ಸಾರ್ವತ್ರಿಕ'. ಯಾವ ತಕ್ಕಡಿಯಲ್ಲಿ ತೂಗಿದ್ರಿ ಸ್ವಾಮಿ?

ಊರು ಬದಲಾದ್ರೆ ಏನು ಹೋಗುತ್ತೆ ಅಂತ ಲೆಕ್ಕ ಹಾಕೋಣ.

ಮೊದಲನೇದು, ಗಡಿ. ಬೇಕ್‌ನಿಂದ ಜರ್ಮನಿಗೆ ನಡೆದೇ ಹೋಗಬಹುದು. ಇಷ್ಟು ಹತ್ತಿರ ಬೇರೊಂದು ದೇಶ, ಅಲ್ಲಿ ಕಾವಲೂ ಇಲ್ಲ, ಬೇಲಿಯೂ ಇಲ್ಲ. ಆದ್ರೂ ಊರು ಬಿಡೋ ಹಾಗಿಲ್ಲ. ಆ ಶಾಪಕ್ಕೆ ಅಲ್ಲಿ ಎಂಥ ಧಾರ್ ಬರುತ್ತೆ ಯೋಚಿಸಿ. ಆ ಸೀಮೆಯಲ್ಲೇ ಡಾಯ್ವೆಲ್ಸ್‌ಬರ್ಗ್ ಅಂತ ಒಂದು ಗುಡ್ಡ ಇದೆ, ಅಂದ್ರೆ ಸೈತಾನನ ಗುಡ್ಡ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಪರಿಹಾರ ಅಂತ ನೆದರ್ಲೆಂಡ್ಸ್ ಗಡಿಯಾಚೆಯ ಒಂದಷ್ಟು ಜರ್ಮನ್ ಜಾಗ ವಶಪಡಿಸಿಕೊಂಡಿತ್ತು. 1963ರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ವಾಪಸ್ ಕೊಟ್ಟಿತು. ಈ ಸೈತಾನನ ಗುಡ್ಡವನ್ನು ಮಾತ್ರ ಇಟ್ಕೊಂಡಿತು! ಕಾದಂಬರಿಕಾರನಿಗೆ ಇದಕ್ಕಿಂತ ಇನ್ನೇನು ಬೇಕು? ನಾನಾಗಿದ್ರೆ ಈ ಒಂದು ವಿಷಯಕ್ಕೇ ಇನ್ನೊಂದು ಕಾದಂಬರಿ ಬರೀತಿದ್ದೆ.

ಎರಡನೇದು, ಹೆಸರು. ಕ್ಯಾಥರೀನ್ ವ್ಯಾನ್ ವೈಲರ್ ಅನ್ನೋದರಲ್ಲಿ 'ವ್ಯಾನ್' ಅಂದ್ರೆ 'ಇಂಥ ಊರಿನ'. ವೈಲರ್ ಅನ್ನೋ ಊರು ನಿಜಕ್ಕೂ ಇದೆ, ಬೇಕ್ ಪಕ್ಕದಲ್ಲೇ, ಗಡಿಯಾಚೆ ಜರ್ಮನಿಯಲ್ಲಿ. ನಮ್ಮ ಹಳೇ ತಲೆಮಾರಿನವರ ಇನಿಷಿಯಲ್ ಇದ್ದ ಹಾಗೆ ಇದು. ಕುವೆಂಪು ಅನ್ನೋದರ ಮೊದಲ ಅಕ್ಷರದಲ್ಲೇ ಕುಪ್ಪಳಿ ಕೂತಿದೆಯಲ್ಲ, ಹಾಗೆ. ಬೇಕ್‌ನ ಓದುಗನಿಗೆ ಈ ಹೆಸರು ಕೇಳಿದ ಕೂಡಲೇ 'ಓ, ಪಕ್ಕದೂರಿನವಳು' ಅನ್ನಿಸಬಹುದು. ಹಡ್ಸನ್ ಕಣಿವೆಯಲ್ಲಿ ಅದು ಬರೀ ಒಂದು ಹಳೇ ಕಾಲದ ಶೋಕಿಯ ಹೆಸರು.

ಮೂರನೇದು ಚರಿತ್ರೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷ್ ಆವೃತ್ತಿಯಲ್ಲಿ ಅವಳನ್ನು ಕೊಂದದ್ದು 1664ರಲ್ಲಿ, ಹಡ್ಸನ್ ಕಣಿವೆಯ ಡಚ್ ವಸಾಹತಿನಲ್ಲಿ. 1664 ಅಂದ್ರೆ ಡಚ್ಚರ ಕೈಯಿಂದ ನ್ಯೂ ಆಮ್‌ಸ್ಟರ್‌ಡ್ಯಾಮ್ ಇಂಗ್ಲಿಷರ ಕೈಗೆ ಹೋಗಿ ನ್ಯೂಯಾರ್ಕ್ ಆದ ವರ್ಷ. ಆದ್ರೆ ಆ ಡಚ್ ವಸಾಹತಿನಲ್ಲಿ ಮಾಟಗಾತಿ ಅಂತ ಯಾರನ್ನೂ ಕೊಂದಿಲ್ಲ. ಇಂಗ್ಲಿಷರು ಬಂದ ಮೇಲೆ 1665ರಲ್ಲಿ ರಾಲ್ಫ್ ಮತ್ತು ಮೇರಿ ಹಾಲ್ ಅನ್ನೋ ಗಂಡ ಹೆಂಡತಿ ಮೇಲೆ ಮಾಟದ ಆರೋಪ ಬಂತು, ನ್ಯೂಯಾರ್ಕಿನಲ್ಲಿ ವಿಚಾರಣೆಯೂ ಆಯ್ತು. ಪ್ರಾಣ ತೆಗೆಯುವಷ್ಟು ಸಾಕ್ಷ್ಯ ಇಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. 1668ರಲ್ಲಿ ಆ ಮುಚ್ಚಳಿಕೆಯನ್ನೂ ರದ್ದು ಮಾಡಿದರು. ಅತ್ತ ಡಚ್ ಗಣರಾಜ್ಯದಲ್ಲೂ ಹದಿನೇಳನೇ ಶತಮಾನದ ಶುರುವಿಗೇ ಈ ಕೊಲೆಗಳು ನಿಂತಿದ್ದವು. ಔಡೆವಾಟರ್ ಅನ್ನೋ ಊರಲ್ಲಿ ಒಂದು ತೂಕದ ಮನೆ ಇದೆ, ಈಗ ಮ್ಯೂಸಿಯಂ. ಹಿಂದೆ ಮಾಟದ ಆರೋಪ ಹೊತ್ತವರು ದೂರದೂರದಿಂದ ಅಲ್ಲಿಗೆ ಬಂದು ತಕ್ಕಡಿಯಲ್ಲಿ ತೂಗಿಸಿಕೊಂಡು 'ಇವಳ ತೂಕ ಸಹಜವಾಗಿದೆ, ಪೊರಕೆ ಮೇಲೆ ಹಾರುವಷ್ಟು ಹಗುರ ಇಲ್ಲ' ಅನ್ನೋ ಅರ್ಥದ ಸರ್ಟಿಫಿಕೇಟ್ ತಗೊಂಡು ಹೋಗ್ತಿದ್ರು. ನೋಡಿ, ಮಾಟಗಾತಿಗೂ ಸರ್ಟಿಫಿಕೇಟ್! ಹಜಾರದಲ್ಲಿ ನಿಂತ ದೆವ್ವಕ್ಕೆ ಬಟ್ಟೆ ಹೊದಿಸೋ ಬುದ್ಧಿಯೂ ಈ ತಕ್ಕಡಿಯ ಬುದ್ಧಿಯೂ ಅಕ್ಕ ತಂಗಿಯರು.

ಕಾದಂಬರಿಕಾರ ಚರಿತ್ರೆಯನ್ನು ಮೀರಬಹುದು, ಅದು ಅವನ ಹಕ್ಕು. ಆದ್ರೆ ಅಮೆರಿಕದ ನೆಲಕ್ಕೆ ಮಾಟಗಾತಿಯನ್ನು ತಂದ ಕ್ಷಣ ಓದುಗನ ತಲೆಯಲ್ಲಿ ಒಂದು ರೆಡಿಮೇಡ್ ಕಪಾಟು ತೆರೆದುಕೊಳ್ಳುತ್ತೆ. ಸೇಲಂ, 1692, ಹತ್ತೊಂಬತ್ತು ಜನರನ್ನು ನೇಣಿಗೆ ಹಾಕಿದ್ದು, ಪ್ಯೂರಿಟನ್ನರ ಕಪ್ಪು ಟೋಪಿ. ಕ್ಯಾಥರೀನ್ ಹೋಗಿ ಆ ಕಪಾಟಿನಲ್ಲಿ ಸೇರಿಕೊಳ್ತಾಳೆ. ಬೇಕ್‌ನಲ್ಲಿದ್ದಾಗ ಅವಳಿಗೆ ಯಾವ ಕಪಾಟೂ ಇರಲಿಲ್ಲ, ಅವಳು ಅವಳೇ ಆಗಿದ್ದಳು. ಜೊತೆಗೆ ಈ ಆವೃತ್ತಿಯಲ್ಲಿ ವೆಸ್ಟ್ ಪಾಯಿಂಟಿನ ಸೇನಾ ಅಕಾಡೆಮಿಯನ್ನೂ ಗುಟ್ಟು ಕಾಯೋಕೆ ಎಳೆತಂದಿದಾರೆ. ಅಮೆರಿಕ ಅಂದ ಮೇಲೆ ಮಿಲಿಟರಿ ಇರಲೇಬೇಕಲ್ಲ :-)

ಇನ್ನು ವಾದಕ್ಕೆ ಬರೋಣ. ಜಾಣರು ಇಲ್ಲಿ ಎರಡು ಬಾಣ ಬಿಡ್ತಾರೆ. ಒಂದು, ವಾಷಿಂಗ್ಟನ್ ಇರ್ವಿಂಗ್. ಅದೇ ಹಡ್ಸನ್ ದಂಡೆಯ ಡಚ್ ಹಳ್ಳಿಗಳಲ್ಲಿ ರಿಪ್ ವ್ಯಾನ್ ವಿಂಕಲ್‌ನನ್ನು ಮಲಗಿಸಿದವನು, 1820ರಲ್ಲಿ ಸ್ಲೀಪಿ ಹಾಲೋ ಕತೆಯಲ್ಲಿ ತಲೆಯಿಲ್ಲದ ಕುದುರೆ ಸವಾರನನ್ನು ಓಡಿಸಿದವನು. ಅವನ ರಿಪ್ ಕೂಡ ಜರ್ಮನಿಯ ಜನಪದ ಕತೆಯಿಂದ ಬಂದವನೇ. ನಿಜ. ಆದ್ರೆ ಇರ್ವಿಂಗ್ ಆ ಕಣಿವೆಗೆ ಕತೆಯೊಂದನ್ನು ಕೊಟ್ಟ. ಎಷ್ಟರಮಟ್ಟಿಗೆ ಅಂದ್ರೆ, ನಾರ್ತ್ ಟ್ಯಾರಿಟೌನ್ ಅನ್ನೋ ಊರಿನ ಜನ ತಮ್ಮ ಕಾರ್ ಕಾರ್ಖಾನೆ ಮುಚ್ಚಿಹೋದ 1996ರಲ್ಲೇ ಊರಿನ ಹೆಸರನ್ನೂ 'ಸ್ಲೀಪಿ ಹಾಲೋ' ಅಂತ ಬದಲಾಯಿಸಿಕೊಂಡರು. ಜರ್ಮನಿಯ ಮೂಲ ಕತೆ ಜರ್ಮನಿಯಲ್ಲೇ ಉಳೀತು. ಯಾರದ್ದೂ ಕಳೆದುಹೋಗಲಿಲ್ಲ.

ಎರಡನೇ ಬಾಣ ಇನ್ನೂ ಚೂಪು. 'ಹಾಗಾದ್ರೆ ಕುವೆಂಪು? ಹ್ಯಾಮ್ಲೆಟ್ಟನ್ನು ಡೆನ್ಮಾರ್ಕಿನಿಂದ ಎತ್ತಿಕೊಂಡು ಬಂದು ಬಿದನೂರಿನಲ್ಲಿ ಇಟ್ಟು ರಕ್ತಾಕ್ಷಿ ಬರೀಲಿಲ್ವಾ? ಬಿಎಂಶ್ರೀ ಗ್ರೀಕ್ ನಾಟಕವನ್ನು ಅಶ್ವತ್ಥಾಮನ್ ಮಾಡ್ಲಿಲ್ವಾ?' ಮಾಡಿದರು, ಚೆನ್ನಾಗೇ ಮಾಡಿದರು. ಆದ್ರೆ ನೀರು ಯಾವ ಕಡೆಗೆ ಹರೀತು ನೋಡಿ. ರಕ್ತಾಕ್ಷಿ ಬಂದದ್ದರಿಂದ ಡೆನ್ಮಾರ್ಕಿನ ಎಲ್ಸಿನೋರ್ ಕೋಟೆಯ ಒಂದು ಕಲ್ಲೂ ಅಲುಗಲಿಲ್ಲ. ಹ್ಯಾಮ್ಲೆಟ್ ಬೇಕಾದವರಿಗೆ ಹ್ಯಾಮ್ಲೆಟ್ ಎಲ್ಲ ಪುಸ್ತಕದಂಗಡಿಯಲ್ಲೂ ಸಿಗುತ್ತೆ. 'ಹೆಕ್ಸ್'ನಲ್ಲಿ ಆದದ್ದು ಉಲ್ಟಾ. ಡಚ್ ಬಾರದ ನಾನು, ನೀವು ಓದಬಹುದಾದದ್ದು ಹಡ್ಸನ್ನಿನ ಪುಸ್ತಕ ಮಾತ್ರ. ಬೇಕ್‌ನ ಕತೆ, ಅದರ ಮೊದಲ ಕೊನೆ, ಡಚ್ ಕಲಿಯದೆ ನಮಗೆ ಸಿಗಲ್ಲ. ಕುವೆಂಪು ಮಾಡಿದ್ದು ರೂಪಾಂತರ. ಇದು ಎತ್ತಂಗಡಿ.

ಅಷ್ಟಕ್ಕೂ ದೆವ್ವದ ಸಾಹಿತ್ಯಕ್ಕೇ ಈ ಸತ್ಯ ಚೆನ್ನಾಗಿ ಗೊತ್ತಿತ್ತು. ಬ್ರಾಮ್ ಸ್ಟೋಕರ್‌ನ ಡ್ರಾಕುಲಾ (1897) ಟ್ರಾನ್ಸಿಲ್ವೇನಿಯಾ ಬಿಟ್ಟು ಇಂಗ್ಲೆಂಡಿಗೆ ಹೊರಟಾಗ ಏನು ತಗೊಂಡು ಹೋದ ನೆನಪಿದೆಯಾ? ಐವತ್ತು ಪೆಟ್ಟಿಗೆ ಮಣ್ಣು. ತನ್ನೂರಿನ ಮಣ್ಣು. ಅದಿಲ್ಲದೆ ಅವನಿಗೆ ಮಲಗೋ ಜಾಗ ಇಲ್ಲ. ಸ್ಟೀಫನ್ ಕಿಂಗ್ 1975ರಲ್ಲಿ 'ಸೇಲಮ್ಸ್ ಲಾಟ್' ಬರೆದಾಗಲೂ ಅವನ ರಕ್ತಪಿಪಾಸು ಹೊರಗಿನಿಂದ ಬಂದವನಾಗಿಯೇ ಅಮೆರಿಕದ ಮೇನ್ ರಾಜ್ಯದ ಆ ಸಣ್ಣ ಊರಿಗೆ ಕಾಲಿಡ್ತಾನೆ. ಬಂದದ್ದೇ ಅಲ್ಲಿ ಕತೆ. ನಮ್ಮ ಮಲೆನಾಡಿನ ಚೌಡಿಯನ್ನೇ ತಗೊಳ್ಳಿ. ಇಂಥ ತೋಟದ ಚೌಡಿ, ಇಂಥ ಗಡಿಯ ಚೌಡಿ. ಹಳ್ಳ ದಾಟಿದ್ರೆ ಬೇರೆ ಚೌಡಿ. ಕರಾವಳಿಯಲ್ಲಿ ದೈವವನ್ನು ಹೊಸ ಜಾಗದಲ್ಲಿ ನೆಲೆಗೊಳಿಸೋಕೆ ಎಷ್ಟು ಕಟ್ಟುಕಟ್ಟಳೆ! ಸುಮ್ಮನೆ ಲಾರಿಗೆ ಹಾಕಿ ಸಾಗಿಸೋದಿಲ್ಲ. ಕ್ಯಾಥರೀನಳನ್ನು ಮಾತ್ರ ಒಂದು ಬುಟ್ಟಿ ಮಣ್ಣೂ ಕೊಡದೆ ಸಾಗಿಸಿದರು. ಕಾದಂಬರಿಯಲ್ಲಿ ಆ ಹಳೇ ವಸಾಹತಿಗೆ 'ನ್ಯೂ ಬೇಕ್' ಅಂತ ಹೆಸರಿಟ್ಟಿದಾರೆ, ಅಷ್ಟೇ. ಗೋಡೆಗೆ ಸುಣ್ಣ ಬಳಿದರೂ ಹಳೇ ಅಕ್ಷರ ಮಸುಕಾಗಿ ಕಾಣ್ತದಲ್ಲ, ಹಾಗಿದೆ ಅದು.

'ಇಂಗ್ಲಿಷ್ ಓದುಗರಿಗೆ ಡಚ್ ಊರು, ಡಚ್ ಹೆಸರು ಕಷ್ಟ ಆಗುತ್ತೆ, ಮಾರ್ಕೆಟ್ ಅಂತ ಒಂದಿದೆಯಲ್ಲ' ಅಂತೀರಾ? ಈ ಕಷ್ಟ ಯಾರು ಯಾವಾಗ ಪಟ್ಟರು, ಸ್ವಲ್ಪ ಹೇಳಿ. ಸ್ವೀಡನ್ನಿನ ಯೋನ್ ಐವಿಡೆ ಲಿಂಡ್‌ಕ್ವಿಸ್ಟ್‌ನ ರಕ್ತಪಿಪಾಸು ಕಾದಂಬರಿ 2004ರಲ್ಲಿ ಬಂತು. ಸ್ಟಾಕ್‌ಹೋಮಿನ ಬ್ಲಾಕೆಬೆರ್ಗ್ ಅನ್ನೋ ಬಡಾವಣೆಯ ಕತೆ. ಇಂಗ್ಲಿಷಿನಲ್ಲೂ ಅದು ಬ್ಲಾಕೆಬೆರ್ಗಿನಲ್ಲೇ ಉಳೀತು, ಜನ ಮುಗಿಬಿದ್ದು ಓದಿದರು. (ಹಾಲಿವುಡ್ಡಿನವರು 2010ರಲ್ಲಿ ಸಿನಿಮಾ ಮಾಡುವಾಗ ಅದನ್ನು ನ್ಯೂ ಮೆಕ್ಸಿಕೋಗೆ ಒಯ್ದರು, ಅದು ಬೇರೆ. ಅವರು ಬಿಡ್ತಾರಾ?) ಬೇರೆಯವರು ಬೇಡ, ಇದೇ ಓಲ್ಡೆ ಹ್ಯೂವೆಲ್ಟ್‌ನ 'ಒರಾಕಲ್' ನೋಡಿ. ಇಂಗ್ಲಿಷಿಗೆ 2024ರಲ್ಲಿ ಬಂತು. ಟ್ಯುಲಿಪ್ ಹೊಲದ ನಡುವೆ ಹಳೇ ಕಾಲದ ಹಡಗೊಂದು ಪ್ರತ್ಯಕ್ಷ ಆಗೋ ಕತೆ. ಅದು ನೆದರ್ಲೆಂಡ್ಸಿನಲ್ಲೇ ನಡೆಯುತ್ತೆ, ಟ್ಯುಲಿಪ್ಪುಗಳನ್ನು ಯಾರೂ ಕ್ಯಾಲಿಫೋರ್ನಿಯಾದ ದ್ರಾಕ್ಷಿ ಮಾಡಲಿಲ್ಲ. ಅಂದ್ರೆ 2016ರಲ್ಲಿ ಆಗದ್ದು 2024ರಲ್ಲಿ ಆಯ್ತು. ಓದುಗ ಅವನೇ. ಹಾಗಾದ್ರೆ ಧೈರ್ಯ ಇಲ್ಲದೆ ಇದ್ದದ್ದು ಯಾರಿಗೆ?

ನಮ್ಮದೇ ಉದಾಹರಣೆ ಬೇಕಾ? ವಿವೇಕ ಶಾನಭಾಗರ 'ಘಾಚರ್ ಘೋಚರ್' ಶ್ರೀನಾಥ್ ಪೇರೂರ್ ಅವರ ಅನುವಾದದಲ್ಲಿ ಅದೇ ಹೆಸರಲ್ಲಿ ಅಮೆರಿಕಕ್ಕೂ ಹೋಯ್ತು. ಕನ್ನಡಿಗರಿಗೇ ಅರ್ಥ ಆಗದ ಹೆಸರು ಅದು! ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಗೆದ್ದವು. ಆ ಅನುವಾದದಲ್ಲಿ ಕನ್ನಡ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಿಲ್ಲ, ಅಡಿಟಿಪ್ಪಣಿ ಕೊಟ್ಟು ಕ್ಷಮೆ ಕೇಳಿಲ್ಲ. ಹಾಗೇ ಬಿಟ್ಟಿದಾರೆ. ಬೇಕಾದವರು ಹುಡುಕಿಕೊಳ್ತಾರೆ.

ಇದೆಲ್ಲ ಯಾರದೋ ಊರಿನ ಪಂಚಾಯ್ತಿ ಅಂತ ನಿಮಗೆ ಅನ್ನಿಸ್ತಿದ್ರೆ 'ನಾಳೆ ಬಾ' ನೆನಪು ಮಾಡಿಕೊಳ್ಳಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ಇದ್ದ ಬರಹ ಅದು. ರಾತ್ರಿ ಅವಳು ಬಂದು ನಿಮ್ಮವರದೇ ದನಿಯಲ್ಲಿ ಕರೀತಾಳೆ. ಬಾಗಿಲ ಮೇಲಿನ 'ನಾಳೆ ಬಾ' ಓದಿ ವಾಪಸ್ ಹೋಗ್ತಾಳೆ. ಮರುದಿನ ಬಂದು ಮತ್ತೆ ಅದನ್ನೇ ಓದ್ತಾಳೆ. ಪಾಪ, ಸರ್ಕಾರಿ ಆಫೀಸಿಗೆ ಅಲೆಯೋ ನಮ್ಮ ಹಾಗೆ. ಆ ದೆವ್ವದ ಬಗ್ಗೆ ನನಗೆ ಬಲು ಗೌರವ, ಯಾಕಂದ್ರೆ ಅದಕ್ಕೆ ಕನ್ನಡ ಓದೋಕೆ ಬರ್ತಿತ್ತು. ಈಗ ಬೆಂಗಳೂರಿನಲ್ಲಿ ಬಾಗಿಲು ತಟ್ಟೋ ಎಷ್ಟು ಜನಕ್ಕೆ ಬರುತ್ತೆ ಹೇಳಿ! 2018ರಲ್ಲಿ ಇದೇ ಕತೆಯಿಂದ ಹಿಂದಿಯಲ್ಲಿ 'ಸ್ತ್ರೀ' ಅನ್ನೋ ಸಿನಿಮಾ ಆಯ್ತು. ಊರು ಮಧ್ಯಪ್ರದೇಶದ ಚಂದೇರಿ. ಗೋಡೆ ಮೇಲೆ ಹಿಂದಿ. ಸಿನಿಮಾ ಚೆನ್ನಾಗಿತ್ತು, ನಾನೂ ನಕ್ಕಿದೀನಿ. 2024ರಲ್ಲಿ ಎರಡನೇ ಭಾಗ ಬಂದು ಇನ್ನೂ ದೊಡ್ಡ ಹಿಟ್ ಆಯ್ತು. ಅದನ್ನು ನೋಡಿ ಬೆಳೆಯೋ ಮಕ್ಕಳಿಗೆ ಅದು ಚಂದೇರಿಯ ದೆವ್ವ. ನಮ್ಮ ಮಕ್ಕಳಿಗೂ. ಸಿನಿಮಾದವರನ್ನು ಬಯ್ಯೋಕೆ ನನಗೆ ಮನಸ್ಸಿಲ್ಲ, ಅವರು ಕದ್ದಿಲ್ಲ. ನಾವು ಇಷ್ಟು ವರ್ಷ ಅದರ ಮೇಲೆ ಒಂದು ದೊಡ್ಡ ಕಾದಂಬರಿ ಬರೀದೆ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ವಲ್ಲ, ಅದಕ್ಕೆ ಬಯ್ಯಬೇಕು. ಅತ್ತ 2022ರ 'ಕಾಂತಾರ' ಪಂಜುರ್ಲಿಯನ್ನೂ ಗುಳಿಗನನ್ನೂ ಕರಾವಳಿಯಲ್ಲೇ ಇಟ್ಟು ಇಡೀ ದೇಶವನ್ನು ಅಲ್ಲಿಗೇ ಕರೆಸಿಕೊಂಡಿತು.

ಈಗ ನಮ್ಮ ಬ್ಲಾಗುಗಳಿಗೆ ಬರ್ತೀನಿ, ಕೋಪ ಮಾಡ್ಕೋಬೇಡಿ. ನಾವು ಬರೆಯೋ ದೆವ್ವದ ಕತೆಗಳಲ್ಲಿ ಊರಿನ ಹೆಸರೇ ಇರಲ್ಲ. 'ಅದೊಂದು ಊರು.' ಅಲ್ಲೊಂದು ಒಂಟಿ ಬಂಗಲೆ. ಬಂಗಲೆಯಲ್ಲಿ ನೆಲಮಾಳಿಗೆ. ನೆಲಮಾಳಿಗೆಯಲ್ಲಿ ಬಿಳಿ ಗೌನಿನ ಹುಡುಗಿ. ಸಾಗರದ ಕಡೆ, ಸಿರ್ಸಿ ಕಡೆ ಎಷ್ಟು ಮನೆಗಳಲ್ಲಿ ನೆಲಮಾಳಿಗೆ ನೋಡಿದೀರಿ? ನಮ್ಮಲ್ಲಿ ಇರೋದು ಅಟ್ಟ, ಅಟ್ಟದ ಮೇಲೆ ಕಟ್ಟಿಗೆ, ಹಳೇ ಪಾತ್ರೆ, ಕತ್ತಲೆ. ಹಿತ್ತಲಲ್ಲಿ ಹಾಳುಬಾವಿ. ತೋಟದಾಚೆ ಸಂಜೆ ಆರರ ನಂತರ ಯಾರೂ ಹೋಗದ ಹಾಡಿ. ಅಜ್ಜಿ ಹೆಸರು ಹೇಳದೆ 'ಅದು' ಅಂತ ಮಾತ್ರ ಕರೆಯೋ ಏನೋ ಒಂದು. ಇಷ್ಟೆಲ್ಲ ಬಿಟ್ಟು ನಾವು ಯಾರೂ ಕೇಳುವ ಮೊದಲೇ ನಮ್ಮ ದೆವ್ವಗಳನ್ನು ಅಮೆರಿಕಕ್ಕೆ ಕಳಿಸಿಬಿಟ್ಟಿದೀವಿ. ಓಲ್ಡೆ ಹ್ಯೂವೆಲ್ಟ್ ಕನಿಷ್ಠ ಒಂದು ಸಲ ಬೇಕ್‌ನಲ್ಲಿಟ್ಟು ಬರೆದ.

ಅಂದ ಹಾಗೆ ಆಮ್‌ಸ್ಟರ್‌ಡ್ಯಾಮ್, ಐಂಡ್‌ಹೋವನ್ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರೋ ಕನ್ನಡಿಗರು ಬೇಕಾದಷ್ಟು ಜನ ಇದೀರಿ. ಡಚ್ ಕಲಿತವರೂ ಇರ್ತೀರಿ. ಯಾರಾದ್ರೂ ಆ 2013ರ ಪುಸ್ತಕ ಹಿಡಿದು ಓದಿ, ಬೇಕ್‌ನಲ್ಲಿ ಕತೆ ಹೇಗೆ ಮುಗಿಯುತ್ತೆ ಅಂತ ಒಂದು ಪೋಸ್ಟ್ ಹಾಕಿ. ನೇರವಾಗಿ ಕನ್ನಡಕ್ಕೇ ತಂದುಬಿಟ್ರೆ ಇನ್ನೂ ಖುಷಿ. ಸೈತಾನನ ಗುಡ್ಡಕ್ಕೂ ಒಂದು ಸಲ ಹೋಗಿ ಫೋಟೋ ತೆಗೆದು ಹಾಕಿ. ಆದ್ರೆ ದಮ್ಮಯ್ಯ, ಅನುವಾದ ಮಾಡುವಾಗ ಊರನ್ನು ತೀರ್ಥಹಳ್ಳಿ ಮಾತ್ರ ಮಾಡಬೇಡಿ.